ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಮನೆಯ ಸುತ್ತ ವಿಷದ ಹಾವು

ಮುಂಗಾರು ಹಿಡಿದ ಮೇಲೆ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಹಾವಿನದೇ ಮಾತು. ಆಯ್ದ ಪ್ರಶ್ನೆಗಳಿಗೆ ಹಾವು ರಕ್ಷಕರೂ ವೈದ್ಯರೂ ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಮನೆಯ ಹಿಂದೆಯೇ ಕಬ್ಬಿನ ಗದ್ದೆ. ಕಟಾವಾದ ಮೇಲೆ ರಾತ್ರಿ ನಡುಮನೆಯಲ್ಲಿ ಬಿಳಿ ಪಟ್ಟೆಯ ಕಪ್ಪು ಹಾವು ಕಂಡಿತು. ಅಪ್ಪ ತೋಳಹಾವು, ವಿಷವಿಲ್ಲ ಅನ್ನುತ್ತಾರೆ. ಪಕ್ಕದ ಮನೆಯವರು ಕಟ್ಟುಹಾವು ಅನ್ನುತ್ತಾರೆ. ಗುರುತು ಹಿಡಿಯುವುದು ಹೇಗೆ? (ಪಾಂಡವಪುರ ತಾಲ್ಲೂಕು)

ಪಟ್ಟೆ ಎಲ್ಲಿಂದ ಶುರುವಾಗುತ್ತದೆ ನೋಡಿ. ತೋಳಹಾವು ಸಾಮಾನ್ಯವಾಗಿ ಕಂದು ಬಣ್ಣದ್ದು. ಪಟ್ಟೆ ಕುತ್ತಿಗೆಯ ಹತ್ತಿರ ಎದ್ದು ಕಾಣುತ್ತದೆ, ಬಾಲದ ಕಡೆಗೆ ಮಾಸುತ್ತಾ ಹೋಗುತ್ತದೆ. ಕಟ್ಟುಹಾವಿನದು ಇದಕ್ಕೆ ತದ್ವಿರುದ್ಧ. ನೀಲಿಗಪ್ಪಿನ ಹೊಳೆಯುವ ಮೈ, ಸಣ್ಣ ಬಿಳಿ ಗೆರೆಗಳು, ಹೆಚ್ಚಾಗಿ ಎರಡೆರಡು ಜೊತೆಯಾಗಿ. ಕುತ್ತಿಗೆಯ ಬಳಿ ಗೆರೆ ಇರುವುದೇ ಇಲ್ಲ, ಇಲ್ಲವೇ ಬರೀ ಚುಕ್ಕೆ; ಬಾಲದ ಕಡೆಗೆ ಸ್ಪಷ್ಟವಾಗುತ್ತದೆ. ಬೆನ್ನಿನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವು, ಆರು ಮೂಲೆಯವು. ಅದನ್ನು ಫೋಟೊ ಹಿಗ್ಗಿಸಿ ನೋಡಬಹುದು, ಬಗ್ಗಿ ನೋಡುವ ಸಾಹಸ ಬೇಡ. ಅನುಮಾನವಿದ್ದರೆ ಕಟ್ಟುಹಾವೆಂದೇ ಲೆಕ್ಕ ಹಾಕಿ.

ಈ ಹಾವಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಗಲು ಸಪ್ಪಗೆ ಬಿದ್ದಿರುತ್ತದೆ, ಓಡಾಡುವುದು ರಾತ್ರಿ. ನೆಲದಲ್ಲಿ ಚಾಪೆ ಹಾಸಿ ಮಲಗಿದವರ ಹಾಸಿಗೆಗೆ ನುಗ್ಗಿ, ಅವರು ಹೊರಳಿದಾಗ ಕಚ್ಚುತ್ತದೆ. ಕಚ್ಚಿದ್ದು ಹೆಚ್ಚಾಗಿ ಗೊತ್ತೇ ಆಗುವುದಿಲ್ಲ: ಉರಿಯಿಲ್ಲ, ಊತವಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ನಸುಕಿನಲ್ಲಿ ಹೊಟ್ಟೆನೋವು, ವಾಂತಿ, ಗಂಟಲು ಬಿಗಿತ ಎಂದು ಏಳುತ್ತಾರೆ. ಮನೆಯವರು ಗ್ಯಾಸು ಎಂದುಕೊಂಡು ಸೋಡಾ, ಜೀರಿಗೆ ಕಷಾಯ ಕೊಟ್ಟು ಮತ್ತೆ ಮಲಗಿಸುತ್ತಾರೆ. ಅಷ್ಟರಲ್ಲಿ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೀಗೆ ಎದ್ದರೆ, ಹಾವನ್ನು ಯಾರೂ ನೋಡಿಲ್ಲದಿದ್ದರೂ, ನೇರ ಆಸ್ಪತ್ರೆಗೆ ನಡೆಯಿರಿ.

ತಡೆಯುವ ದಾರಿ ಸುಲಭ. ಮಂಚದ ಮೇಲೆ ಮಲಗಿ; ಮಂಚ ಗೋಡೆಗೆ ಒತ್ತಿರಬಾರದು, ಹೊದಿಕೆ ನೆಲಕ್ಕೆ ಇಳಿಬಿದ್ದಿರಬಾರದು. ಸೊಳ್ಳೆ ಪರದೆಯ ಅಂಚನ್ನು ನಾಲ್ಕೂ ಕಡೆ ಹಾಸಿಗೆಯಡಿ ಸಿಕ್ಕಿಸಿ. ನೆಲವೇ ಗತಿಯೆಂದರೆ ಪರದೆಯನ್ನು ಚಾಪೆಯ ಅಡಿಗೆ ಮಡಚಿ. ಅಂಚು ಸುಮ್ಮನೆ ಇಳಿಬಿಟ್ಟ ಪರದೆ ಹಾವನ್ನು ತಡೆಯುವುದಿಲ್ಲ.

ಪ್ರಶ್ನೆ: ಪಕ್ಕದ ಖಾಲಿ ಸೈಟಿನಲ್ಲಿ ಆಳೆತ್ತರ ಪಾರ್ಥೇನಿಯಂ. ಅಲ್ಲಿ ಕಂಡ ದಪ್ಪ ಹಾವನ್ನು ಹೆಬ್ಬಾವಿನ ಮರಿ ಎಂದರು. ಮನೆ ಸುತ್ತ ಕಾರ್ಬಾಲಿಕ್ ಆಸಿಡ್, ಬೆಳ್ಳುಳ್ಳಿ ನೀರು ಹಾಕಿದರೆ ಬರುವುದಿಲ್ಲವೇ? (ಬೋಗಾದಿ, ಮೈಸೂರು)

‘ಹೆಬ್ಬಾವಿನ ಮರಿ’ ಎಂದು ಕೈ ಹಾಕಿ ಕೊಳಕುಮಂಡಲದಿಂದ ಕಚ್ಚಿಸಿಕೊಂಡವರಿದ್ದಾರೆ. ಕೊಳಕುಮಂಡಲದ ಬೆನ್ನಿನ ಮೇಲೆ ಸರಪಳಿಯಂತೆ ಮೂರು ಸಾಲು ಕಂದು ಬಳೆಗಳು, ಅವಕ್ಕೆ ಕಪ್ಪು ಅಂಚು. ಹೆಬ್ಬಾವಿನ ಮಚ್ಚೆಗಳು ಅಂಕುಡೊಂಕು, ಒಂದರ ಹಾಗೆ ಇನ್ನೊಂದಿಲ್ಲ. ಕೆಣಕಿದರೆ ಕೊಳಕುಮಂಡಲ ಕುಕ್ಕರಿನಂತೆ ಜೋರಾಗಿ, ಬಿಡದೆ ಬುಸುಗುಟ್ಟುತ್ತದೆ. ಮೊಟ್ಟೆಯಿಡದೆ ಮರಿ ಹಾಕುತ್ತದೆ, ಒಂದು ಸಲಕ್ಕೆ 20ರಿಂದ 40. ಮರಿಗೂ ಹುಟ್ಟಿದಾಗಿನಿಂದಲೇ ವಿಷವಿರುತ್ತದೆ.

ಕಾರ್ಬಾಲಿಕ್ ಆಸಿಡ್, ಫಿನೈಲ್, ಬೆಳ್ಳುಳ್ಳಿ, ನುಸಿಗುಳಿಗೆ, ಯಾವುದೂ ಹಾವನ್ನು ತಡೆಯುವುದಿಲ್ಲ. ಆಸಿಡ್ ಸುಡುವುದು ಮಕ್ಕಳ ಕೈಯನ್ನು, ನಾಯಿಯ ಪಾದವನ್ನು. ಹಾವು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು. ಅವಿಲ್ಲದ ಕಡೆ ಅದಕ್ಕೆ ಕೆಲಸವಿಲ್ಲ. ರಾಗಿ, ಭತ್ತದ ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ. ಸೌದೆ, ತೆಂಗಿನ ಗರಿ, ಹೆಂಚು, ಇಟ್ಟಿಗೆಯ ರಾಶಿ ಗೋಡೆಗೆ ಆನಿಸಿರಬಾರದು. ನೆಲದಿಂದ ಒಂದು ಅಡಿ ಎತ್ತರದ ಸ್ಟ್ಯಾಂಡಿನ ಮೇಲಿರಲಿ. ಬಾಗಿಲಡಿಯ ಸಂದು 6 ಮಿಲಿಮೀಟರ್ ಮೀರಬಾರದು, ಮರಿಗಳಿಗೆ ಅಷ್ಟೇ ಸಾಕು. ಬಾಗಿಲ ತಳಕ್ಕೆ ರಬ್ಬರ್ ಪಟ್ಟಿ ಹೊಡೆಸಿ, ಬಚ್ಚಲ ಕೊಳವೆಯ ಹೊರತುದಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಕಟ್ಟಿಸಿ. ಖಾಲಿ ಸೈಟಿನ ಕಳೆಯ ಬಗ್ಗೆ ಪಾಲಿಕೆಗೆ ಲಿಖಿತ ದೂರು ಕೊಡಿ.

ಪ್ರಶ್ನೆ: ಹಿತ್ತಿಲ ಹುತ್ತಕ್ಕೆ ತಲೆಮಾರಿನಿಂದ ಹಾಲೆರೆಯುತ್ತೇವೆ. ಅಪಾಯವೇ? (ಮದ್ದೂರು)

ಪೂಜೆ ನಿಲ್ಲಿಸಬೇಕಿಲ್ಲ. ಹುತ್ತ ಕಟ್ಟುವುದು ಗೆದ್ದಲು, ಹಾವು ಅದರಲ್ಲಿ ಸೇರಿಕೊಳ್ಳುತ್ತದೆ ಅಷ್ಟೆ. ಹಾಲು ಹಾವಿನ ಆಹಾರವಲ್ಲ, ಅದಕ್ಕೆ ಜೀರ್ಣವಾಗುವುದಿಲ್ಲ. ಹುತ್ತದ ಕೋವಿಗೆ, ಅಂದರೆ ಬಾಯಿಗೆ, ಹಾಲು ಸುರಿಯುವ ಬದಲು ಮುಂದೊಂದು ಕಲ್ಲಿಟ್ಟು ಅದಕ್ಕೆ ಎರೆಯಿರಿ. ಹೊತ್ತು ಏರಿದ ಮೇಲೆ ಹೋಗಿ, ದಾರಿಯಲ್ಲಿ ಕೋಲು ಕುಟ್ಟಿಕೊಂಡು ನಡೆಯಿರಿ. ಕೋವಿಯೊಳಗೆ ಕೈಯಿಡುವುದು, ಕಡ್ಡಿ ತೂರಿಸುವುದು ಬೇಡ. ಮಕ್ಕಳ ಆಟದ ಜಾಗ ಅಲ್ಲಿಂದ ದೂರವಿರಲಿ.

ಪ್ರಶ್ನೆ: ಕಚ್ಚಿದ ತಕ್ಷಣ ಮೇಲೆ ಬಿಗಿಯಾಗಿ ಕಟ್ಟಬೇಕು ಎನ್ನುತ್ತಾರೆ, ನಿಜವೇ? (ಶ್ರೀರಂಗಪಟ್ಟಣ)

ಕಟ್ಟಬೇಡಿ. ರಕ್ತ ನಿಂತ ಕಾಲು ಕೊಳೆಯಬಹುದು, ಬಿಚ್ಚಿದಾಗ ವಿಷ ಒಮ್ಮೆಗೇ ಮೇಲೇರಬಹುದು. ಕುಯ್ಯುವುದು, ಹೀರುವುದು, ಮಂಜುಗಡ್ಡೆ, ನಾಟಿಮದ್ದು ಎಲ್ಲವೂ ಕೇಡು. ಯಾರಾದರೂ ಆಗಲೇ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ಅದನ್ನು ಆಸ್ಪತ್ರೆಯಲ್ಲೇ ಬಿಚ್ಚಲಿ.

ಉಂಗುರ, ಬಳೆ, ಕಾಲುಂಗುರ, ಗೆಜ್ಜೆ ತೆಗೆಯಿರಿ. ಊತ ಬಂದ ಮೇಲೆ ಬರುವುದಿಲ್ಲ. ಮೂಳೆ ಮುರಿದಾಗ ಮಾಡುವಂತೆ ಹಲಗೆ ಅಥವಾ ಸುತ್ತಿದ ಪೇಪರ್ ಇಟ್ಟು ಪಂಚೆಯಿಂದ ಸಡಿಲವಾಗಿ ಕಟ್ಟಿ, ಬಟ್ಟೆಯಡಿ ಬೆರಳು ತೂರಬೇಕು. ನಡೆಸಬೇಡಿ. ಕಚ್ಚಿದ ಹೊತ್ತು ಬರೆದಿಡಿ, 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡವೆಂದರೆ ಬೈಕಿನಲ್ಲಿ ರೋಗಿಯನ್ನು ನಡುವೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಳ್ಳಲಿ. ವಾಂತಿ ಶುರುವಾದರೆ ಎಡ ಮಗ್ಗುಲಿಗೆ ಮಲಗಿಸಿ. ಹಾವನ್ನು ಹೊಡೆದು ತರುವ ಅಗತ್ಯವಿಲ್ಲ. ಇಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ.

ಪ್ರಶ್ನೆ: ನನ್ನ ತಮ್ಮನಿಗೆ ಹಾವು ಕಚ್ಚಿತ್ತು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡದೆ, ರಕ್ತ ತೆಗೆದು 20 ನಿಮಿಷ ಕಾಯಿಸಿದರು. ನಿರ್ಲಕ್ಷ್ಯವಲ್ಲವೇ? (ತಿ. ನರಸೀಪುರ)

ಅಲ್ಲ, ಆ 20 ನಿಮಿಷವೇ ಪರೀಕ್ಷೆ. ಸುಮಾರು 2 ಮಿಲಿಲೀಟರ್ ರಕ್ತವನ್ನು ಶುದ್ಧವಾದ, ಒಣಗಿದ ಗಾಜಿನ ನಳಿಕೆಗೆ ಹಾಕಿ ಅಲುಗಾಡಿಸದೆ ಇಡುತ್ತಾರೆ. 20 ನಿಮಿಷದ ನಂತರ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ಪ್ಲಾಸ್ಟಿಕ್ ನಳಿಕೆ ಅಥವಾ ಸೋಪಿನಲ್ಲಿ ತೊಳೆದ ಗಾಜು ತಪ್ಪು ಫಲಿತಾಂಶ ಕೊಡುತ್ತದೆ. ಸರಿಬಂದರೂ ಮತ್ತೆ ಮತ್ತೆ ಮಾಡುತ್ತಾರೆ, 24 ಗಂಟೆ ನಿಗಾದಲ್ಲಿ ಇಡುತ್ತಾರೆ. ವಿಷ ಬಿಡದೆ ಬರೀ ಹಲ್ಲೂರಿದ ಕಡಿತವೂ ಉಂಟು. ಪ್ರತಿವಿಷ ಕುದುರೆಯ ರಕ್ತದಿಂದ ತಯಾರಾದದ್ದು, ತೀವ್ರ ಅಲರ್ಜಿ ತರಬಹುದು. ಆದ್ದರಿಂದ ಲಕ್ಷಣವಿಲ್ಲದೆ ಕೊಡುವುದಿಲ್ಲ.

ಆದರೆ ನಾಗರ, ಕಟ್ಟುಹಾವಿನ ಕಡಿತದಲ್ಲಿ ವಿಷ ಏರಿದ್ದರೂ ರಕ್ತ ಸಾಮಾನ್ಯವಾಗಿ ಹೆಪ್ಪುಗಟ್ಟುತ್ತದೆ, ಅಲ್ಲಿ ನೋಡಬೇಕಾದ್ದು ರೆಪ್ಪೆ ಮತ್ತು ಉಸಿರು. ರೆಪ್ಪೆ ಇಳಿದದ್ದು ಕಂಡರೆ ತಕ್ಷಣ ನರ್ಸಿಗೆ ಹೇಳಿ. ಲಕ್ಷಣ ಶುರುವಾದರೆ ಪ್ರತಿವಿಷದ ಮೊದಲ ಡೋಸ್ 8ರಿಂದ 10 ವಯಲ್ (ಪುಟ್ಟ ಸೀಸೆ), ಮಗುವಿಗೂ ಅಷ್ಟೇ, ಏಕೆಂದರೆ ಹಾವು ಮಗುವಿಗೆಂದು ವಿಷ ಕಡಿಮೆ ಬಿಡುವುದಿಲ್ಲ. ಕಟ್ಟುಹಾವಿನ ವಿಷ ನರದ ತುದಿಯನ್ನು ಕೆಡಿಸಿದ ಮೇಲೆ ಪ್ರತಿವಿಷ ಅದನ್ನು ಸರಿಪಡಿಸಲಾರದು. ವೆಂಟಿಲೇಟರ್ ಮೇಲೆ ದಿನಗಟ್ಟಲೆ ಉಸಿರು ಕೊಟ್ಟರೆ ಬದುಕುತ್ತಾರೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ಡೋಸ್ ಹಾಕಿಸಿಕೊಂಡೇ ದೊಡ್ಡ ಆಸ್ಪತ್ರೆಗೆ ಹೊರಡಿ. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು, ಖಾಸಗಿಯವೂ ಸೇರಿ.

ಪ್ರಶ್ನೆ: ಹಾವು ಕೋಣೆಯೊಳಗೇ ಇದ್ದರೆ? (ಮಂಡ್ಯ)

ಎಲ್ಲರೂ ಹೊರಬನ್ನಿ, ಬಾಗಿಲು ಹಾಕಿ, ಅಡಿಯ ಸಂದಿಗೆ ಟವೆಲ್ ತುರುಕಿ. ಅಂಗಳದಲ್ಲಿದ್ದರೆ ಒಬ್ಬರು ಹತ್ತು ಅಡಿ ದೂರದಿಂದ ಕಣ್ಣಿಟ್ಟಿರಲಿ, ಕಣ್ಮರೆಯಾದ ಹಾವನ್ನು ಹುಡುಕುವುದು ಕಷ್ಟ. ಸೀಮೆಎಣ್ಣೆ, ಬಿಸಿನೀರು ಎರಚಬೇಡಿ. ಅರಣ್ಯ ಇಲಾಖೆಯ 1926ಕ್ಕೆ ಅಥವಾ ಊರಿನ ಹಾವು ರಕ್ಷಕರಿಗೆ ಫೋನ್ ಮಾಡಿ, ಜೂಮ್ ಮಾಡಿ ತೆಗೆದ ಫೋಟೊ ಕಳಿಸಿ.