ಚಳಿಗಿಂತ ಮೊದಲು ಸೆಪ್ಟೆಂಬರ್ ಕಡೆ ನೋಡಿ

ಆಗಸ್ಟಿನಲ್ಲಿ ಇಂಗ್ಲೆಂಡಿಗೆ ಬರುತ್ತಿದ್ದೀವಿ, ಏಳು ವರ್ಷದ ಮಗನಿಗೆ ಆಸ್ತಮಾ ಇದೆ, ಅಲ್ಲಿನ ಚಳಿಗೆ ಆಸ್ಪತ್ರೆ ಸೇರಬೇಕಾಗುತ್ತಾ ಅಂತ ಕೇಳಿದ್ದೀರಿ. ಚಳಿಯ ಮಾತು ಆಮೇಲೆ. ನೀವು ಮೊದಲು ತಯಾರಾಗಬೇಕಾದ್ದು ಸೆಪ್ಟೆಂಬರಿಗೆ.

ಆಸ್ತಮಾದಿಂದ ಆಸ್ಪತ್ರೆ ಸೇರುವ ಮಕ್ಕಳು ಇಲ್ಲಿ ಆಗಸ್ಟಿನಲ್ಲಿ ತುಂಬಾ ಕಡಿಮೆ. ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಗಿ ಎರಡು ಮೂರು ವಾರಕ್ಕೆ ಆ ಸಂಖ್ಯೆ ಒಮ್ಮೆಲೇ ಏರುತ್ತದೆ. ವರ್ಷ ವರ್ಷವೂ ಇದೇ ಹಾಡು. ಕೆನಡಾದಲ್ಲಂತೂ ವರ್ಷದ 38ನೇ ವಾರ, ಅಂದರೆ ಸೆಪ್ಟೆಂಬರ್ ಮಧ್ಯದ ಹೊತ್ತು, ಅಂತಲೇ ಗುರುತಿಸಿದ್ದಾರೆ. ಮುಖ್ಯ ಕಾರಣ ರೈನೋವೈರಸ್, ಅಂದರೆ ಮಾಮೂಲಿ ನೆಗಡಿಯ ವೈರಸ್. ರಜೆ ಮುಗಿಸಿ ಬಂದ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂತರೆ ಹರಡದೇ ಇರುತ್ತಾ? ಬೇರೆ ಮಕ್ಕಳಿಗೆ ಮೂಗು ಸೋರಿ ಮುಗಿಯುತ್ತದೆ, ಆಸ್ತಮಾ ಇರುವ ಮಗುವಿಗೆ ಉಬ್ಬಸ ಹತ್ತುತ್ತದೆ. 2020ರಲ್ಲಿ ಲಾಕ್‌ಡೌನ್ ಆಗಿ ಶಾಲೆ ಮುಚ್ಚಿದಾಗ ಆಸ್ಪತ್ರೆ ಸೇರುವವರು ಬಹಳ ಕಡಿಮೆಯಾದರು.

ಇನ್ನೊಂದು ಕಾರಣ ನಮ್ಮ ಕೈಯಲ್ಲೇ ಇದೆ. ರಜೆಯಲ್ಲಿ ಮಗು ಆರಾಮಾಗಿ ಓಡಾಡಿಕೊಂಡಿರುತ್ತದೆ, ಸುಮ್ನೆ ಯಾಕೆ ಔಷಧಿ ಅಂತ ಪ್ರಿವೆಂಟರ್ ಇನ್‌ಹೇಲರ್ ನಿಲ್ಲಿಸುತ್ತೇವೆ. ಅದು ಶ್ವಾಸನಾಳದ ಊತ ಇಳಿಸುವ ಔಷಧಿ, ದಿನಾ ತೆಗೆದುಕೊಂಡರಷ್ಟೇ ಕೆಲಸ ಮಾಡುತ್ತದೆ. ಪ್ರಯಾಣದ ಗಡಿಬಿಡಿಯಲ್ಲೂ ದಯವಿಟ್ಟು ತಪ್ಪಿಸಬೇಡಿ. ಸ್ಪೇಸರ್, ಅಂದರೆ ಇನ್‌ಹೇಲರಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಕೈಸಾಮಾನಿನಲ್ಲೇ ಇರಲಿ. ಇನ್‌ಹೇಲರ್ ಚೆನ್ನಾಗಿ ಕುಲುಕಿ, ಒಂದು ಸಲ ಒತ್ತಿ, ಸ್ಪೇಸರ್ ಮೂಲಕ ನಿಧಾನವಾಗಿ ಐದು ಉಸಿರು. ಪ್ರಿವೆಂಟರ್ ಆದಮೇಲೆ ಬಾಯಿ ಮುಕ್ಕಳಿಸಲೇಬೇಕು.

ಬಂದ ವಾರವೇ ಜಿಪಿ, ಅಂದರೆ ಮನೆ ಹತ್ತಿರದ ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸಿ, ಅಲ್ಲಿನ ಆಸ್ತಮಾ ನರ್ಸ್ ಹತ್ತಿರ ಆ್ಯಕ್ಷನ್ ಪ್ಲಾನ್ (ಯಾವಾಗ ಯಾವ ಔಷಧಿ, ಉಬ್ಬಸ ಹೆಚ್ಚಾದರೆ ಏನು ಮಾಡಬೇಕು ಅನ್ನುವ ಹಾಳೆ) ಬರೆಸಿಕೊಂಡು ಒಂದು ಪ್ರತಿ ಶಾಲೆಗೆ ಕೊಡಿ. 16 ವರ್ಷದೊಳಗಿನವರಿಗೆ ಚೀಟಿಯ ಔಷಧಿ ಉಚಿತ. 2014ರಿಂದ ಶಾಲೆಗಳು ತುರ್ತಿಗೆ ಒಂದು ನೀಲಿ ಇನ್‌ಹೇಲರ್, ಅಂದರೆ ಉಬ್ಬಸ ಹತ್ತಿದಾಗ ಬೇಗ ಉಸಿರು ಸರಾಗ ಮಾಡುವಂಥದ್ದು, ಇಟ್ಟುಕೊಳ್ಳಬಹುದು. ಆದರೆ ಇಡಲೇಬೇಕು ಅಂತೇನಿಲ್ಲ, ಕೇಳಿ ನೋಡಿ. ಬಾಡಿಗೆ ಮನೆ ನೋಡುವಾಗ ಬೀರುವಿನ ಹಿಂದೆ, ಕಿಟಕಿ ಮೂಲೆಯಲ್ಲಿ ಬೂಷ್ಟು ಇದೆಯಾ ಅಂತ ನೋಡಿ. ಬೂಷ್ಟು ಹಿಡಿದ ಮನೆ ಎಷ್ಟು ಅಗ್ಗವಾದರೂ ಬೇಡ.

ಉಸಿರೆಳೆಯುವಾಗ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಜಗ್ಗುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ನೀಲಿ ಇನ್‌ಹೇಲರ್ ಅರ್ಧ ನಿಮಿಷದಿಂದ ಒಂದು ನಿಮಿಷಕ್ಕೊಂದರಂತೆ ಹತ್ತು ಪಫ್‌ವರೆಗೆ ಕೊಡಿ. ಆಗಲೂ ಸುಧಾರಿಸದಿದ್ದರೆ, ಅಥವಾ ನಡುವೆಯೇ ಜಾಸ್ತಿಯಾದರೆ, 999ಕ್ಕೆ ಫೋನ್ ಮಾಡಿ. ಆಂಬುಲೆನ್ಸ್‌ಗೆ ಬಿಲ್ ಬರುವುದಿಲ್ಲ. ವೀಸಾ ಜೊತೆ ಹೆಲ್ತ್ ಸರ್ಚಾರ್ಜ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಶುಲ್ಕ) ಕಟ್ಟಿದ್ದೀರಿ ಅಲ್ವಾ, ವಾರ್ಡಿಗೆ ಸೇರಿಸಿಕೊಂಡರೂ ಹಣ ಕೇಳುವುದಿಲ್ಲ.