"ಲೆಕ್ಕ ಬರ್ತದ್ರಿ, ಕೇಳಾಕ್ ಬರಂಗಿಲ್ರಿ"

ಯಾದಗಿರಿ ಕಡೆಯ ಹುಡುಗಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೇ ಸೆಮಿಸ್ಟರ್. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.

ಆಪ್ತಸಮಾಲೋಚನೆಗೆಂದು ನನ್ನ ಜೊತೆ ಮಾತಾಡಿದ ಮೊದಲ ವಿಡಿಯೊ ಕರೆಯಲ್ಲಿ ಅವಳ ಮುಖ ಕಾಣಲಿಲ್ಲ. ಕಂಡದ್ದು ಹಾಸ್ಟೆಲ್ ಟೆರೇಸಿನ ಕಪ್ಪು ನೀರಿನ ಟ್ಯಾಂಕು, ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆ. ರೂಮಿನಲ್ಲಿ ಇನ್ನೂ ಮೂವರು ಇರುತ್ತಾರೆ, ಮಾತಾಡಲು ಜಾಗ ಇಲ್ಲ. ಕ್ಯಾಮೆರಾ ತಿರುಗಿಸು ಎಂದು ನಾನು ಒತ್ತಾಯ ಮಾಡಲಿಲ್ಲ. ಯಾರಾದರೂ ಹತ್ತಿರ ಬಂದರೆ "ಊಟ ಆಯ್ತಕ್ಕಾ" ಅನ್ನು, ನಾನು ಸುಮ್ಮನಾಗ್ತೀನಿ ಎಂದೆ. ಆನ್‌ಲೈನ್‌ನಲ್ಲಿ ಮಾತಾಡುವಾಗ ಇಂಥ ಒಂದು ಮಾತನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಮೊದಲ ಸೆಮಿಸ್ಟರ್ ಗಣಿತದಲ್ಲಿ ಫೇಲ್. ಸಂಜೆ ಆನ್‌ಲೈನ್ ಟ್ಯೂಷನ್ ಸೇರಿದ್ದಾಳೆ, ಒಂದು ಕ್ಲಾಸೂ ತಪ್ಪಿಸಿಲ್ಲ. ಆದರೆ ಎರಡು ತಿಂಗಳಲ್ಲಿ ಒಂದೇ ಒಂದು ಪ್ರಶ್ನೆ ಕೇಳಿಲ್ಲ. ನೋಟ್‌ಬುಕ್ಕಿನ ಫೋಟೊ ಕಳಿಸು ಎಂದೆ. ಅಂಚಿನಲ್ಲಿ ಪೆನ್ಸಿಲಿನಿಂದ ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದು, ಎದುರಿಗೆ ಅರ್ಥ ಬರೆದಿದ್ದಳು. "ಆರ್ಬಿಟ್ರರಿ" ಎದುರು ಮಾತ್ರ ಪ್ರಶ್ನೆಚಿಹ್ನೆ. ಕೆಳಗಿನ ಲೆಕ್ಕ ಅಲ್ಲೇ ನಿಂತಿತ್ತು.

"ಲೆಕ್ಕ ಬರ್ತದ್ರಿ ಮೇಡಂ. ಕೇಳಾಕ್ ಬರಂಗಿಲ್ರಿ. ಇಂಗ್ಲಿಷ್ ತಪ್ಪಾದ್ರ ಎಲ್ಲಾರೂ ನಗ್ತಾರ."

ರಾತ್ರಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಎಂದಳು. ಸಾಯಬೇಕು ಅನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಹೆದರುವವರಿದ್ದಾರೆ. ಹಾಗೇನೂ ಆಗುವುದಿಲ್ಲ, ಕೇಳಲೇಬೇಕು. ಇಲ್ಲ, ಓದು ಬಿಟ್ಟು ಊರಿಗೆ ಹೋಗಬೇಕು ಅನಿಸುತ್ತದೆ ಅಂದಳು. ಆದರೂ ಟೆಲಿ ಮಾನಸ್‌ನ 14416 ನಂಬರನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಈ ಮಾನಸಿಕ ಆರೋಗ್ಯ ಸಹಾಯವಾಣಿ ಉಚಿತ. ನಡುರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡಬಹುದು.

ಇಂಗ್ಲಿಷ್ ಕಲಿ ಎಂದು ನಾನು ಹೇಳಲಿಲ್ಲ. ಅದನ್ನು ಎಲ್ಲರೂ ಹೇಳಿಯಾಗಿತ್ತು. ತೊಡಕಾದ ಸಾಲಿಗೆ ಗೆರೆ ಎಳೆದು, ಫೋಟೊ ತೆಗೆದು, ಮೇಷ್ಟರಿಗೊಬ್ಬರಿಗೇ ಚಾಟ್‌ನಲ್ಲಿ ಕಳಿಸು, ಕನ್ನಡದಲ್ಲೇ ಕೇಳು ಎಂದೆ. ವಾರಕ್ಕೆ ಒಂದು ಪ್ರಶ್ನೆ ಸಾಕು. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎಐಸಿಟಿಇಯ ಇ-ಕುಂಭ್ ಜಾಲತಾಣದಲ್ಲಿ ಎಂಜಿನಿಯರಿಂಗ್ ಪುಸ್ತಕಗಳು ಕನ್ನಡದಲ್ಲೂ ಉಚಿತವಾಗಿ ಸಿಗುತ್ತವೆ, ಇಂಗ್ಲಿಷ್ ಪುಸ್ತಕದ ಪಕ್ಕ ಇಟ್ಟುಕೊಂಡು ಓದು ಅಂದೆ. ಅಪ್ಪನಿಗೆ ಎಲ್ಲಾ ಪಾಸು ಎಂದು ಹೇಳಿಬಿಟ್ಟಿದ್ದಳು. ನಿದ್ದೆ ಕೆಡಿಸಿದ್ದು ಲೆಕ್ಕಕ್ಕಿಂತ ಜಾಸ್ತಿ ಈ ಸುಳ್ಳೇ ಎಂದು ನನಗೆ ಅನಿಸಿತು. ಮೊದಲು ಅಕ್ಕನಿಗೆ ನಿಜ ಹೇಳು, ಅಪ್ಪನ ಹತ್ತಿರ ಇಬ್ಬರೂ ಸೇರಿ ಮಾತಾಡಿ ಎಂದೆ.

ಅಕ್ಕನಿಗೆ ಹೇಳಲು ಮೂರು ವಾರ ಹಿಡಿಯಿತು. ಮೇಷ್ಟರಿಗೆ ಮಾತ್ರ ಅದೇ ವಾರ ಫೋಟೊ ಹೋಯಿತು. "ಆರ್ಬಿಟ್ರರಿ ಅಂದ್ರ ಏನ್ರಿ ಸರ್?" ಅವರು ಕನ್ನಡದಲ್ಲೇ ಎರಡು ನಿಮಿಷದ ಧ್ವನಿ ಸಂದೇಶ ಕಳಿಸಿದರು: ನಿನಗೆ ಇಷ್ಟ ಬಂದ ಯಾವ ಸಂಖ್ಯೆಯಾದರೂ ಆಗಬಹುದು, ಅಷ್ಟೇ ಅದರ ಅರ್ಥ ಅಂತ. ಅದನ್ನು ನನಗೂ ಕೇಳಿಸಿದಳು.

ಫೇಲಾದ ಗಣಿತವನ್ನು ಮತ್ತೆ ಬರೆಯುವ ಬ್ಯಾಕ್‌ಲಾಗ್ ಪರೀಕ್ಷೆ ಮುಂದಿನ ತಿಂಗಳಿದೆ. ನಿದ್ದೆ ಸ್ವಲ್ಪ ಸುಧಾರಿಸಿದೆ. ನಮ್ಮ ಮಾತುಕತೆ ಈಗ ಹದಿನೈದು ದಿನಕ್ಕೊಮ್ಮೆ, ಅದೇ ಟೆರೇಸಿನಿಂದ.