ಡಿಸ್ಕ್ ಉಳಿದೀತು, ಪ್ಲೇಯರ್ ಉಳಿಯಬೇಕಲ್ಲ

ಶಿವಮೊಗ್ಗದ ಓದುಗರೊಬ್ಬರು, ನಿವೃತ್ತ ಪ್ರೌಢಶಾಲಾ ಶಿಕ್ಷಕರು, ನಮಗೆ ದೀರ್ಘ ಪತ್ರ ಬರೆದಿದ್ದಾರೆ. ಅವರ ಕಪಾಟಿನ ತುಂಬ ವಿ.ಸಿ.ಡಿ. ಮತ್ತು ಡಿ.ವಿ.ಡಿ.ಗಳಿವೆ. ಪ್ಲೇಯರ್ ಕೆಟ್ಟು ಕೂತಿದೆ, ರಿಪೇರಿ ಮಾಡುವವರು ಸಿಗುತ್ತಿಲ್ಲ. ಎಲ್ಲ ಸಿನಿಮಾಗಳೂ ಮೊಬೈಲಿನಲ್ಲೇ ಸಿಗುವಾಗ ಇವನ್ನು ಗುಜರಿಗೆ ಹಾಕಬಾರದೇಕೆ ಎಂದು ಮಗ ಕೇಳುತ್ತಿದ್ದಾನೆ. ಸೋನಿ ಕಂಪನಿ ಡಿ.ವಿ.ಡಿ.ಯ ನಂತರ ಬಂದ, ಇನ್ನೂ ಸ್ಪಷ್ಟ ಚಿತ್ರದ ಬ್ಲೂ-ರೇ ಡಿಸ್ಕ್ ತಯಾರಿಕೆಯನ್ನೇ ನಿಲ್ಲಿಸಿತೆಂಬ ಸುದ್ದಿಯನ್ನೂ ಅವರು ಓದಿದ್ದಾರೆ. ‘ಡಿಸ್ಕ್‌ಗೆ ಇನ್ನು ಭವಿಷ್ಯವಿದೆಯೇ? ಈ ವಯಸ್ಸಿನಲ್ಲಿ ಹೊಸ ಪ್ಲೇಯರ್ ಕೊಳ್ಳುವುದರಲ್ಲಿ ಅರ್ಥವಿದೆಯೇ?’ ಎಂಬುದು ಅವರ ಪ್ರಶ್ನೆ.

ಪ್ರಿಯ ಮೇಷ್ಟರೇ,

ಮೊದಲು ಆ ಸುದ್ದಿಯನ್ನು ಸರಿಪಡಿಸುತ್ತೇನೆ. ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿದ್ದು ಖಾಲಿ ಬ್ಲೂ-ರೇ ಡಿಸ್ಕ್‌ಗಳನ್ನು, ಅಂದರೆ ನಾವೇ ರೆಕಾರ್ಡ್ ಮಾಡಿಕೊಳ್ಳಲು ಕೊಳ್ಳುವಂಥವನ್ನು. ಅವುಗಳ ಜೊತೆಗೆ ಧ್ವನಿಮುದ್ರಣದ ಮಿನಿಡಿಸ್ಕ್, ವಿಡಿಯೊ ಕ್ಯಾಮೆರಾದ ಮಿನಿ ಡಿ.ವಿ. ಕ್ಯಾಸೆಟ್‌ಗಳೂ ನಿಂತವು. ಸಿನಿಮಾ ಅಚ್ಚಾಗಿ ಬರುವ ಬ್ಲೂ-ರೇಗೂ ಈ ತೀರ್ಮಾನಕ್ಕೂ ಸಂಬಂಧವಿಲ್ಲ. ಸುದ್ದಿಯ ಶೀರ್ಷಿಕೆಗಳು ಈ ವ್ಯತ್ಯಾಸವನ್ನು ನುಂಗಿಹಾಕಿದ್ದರಿಂದ ನಿಮ್ಮಂಥ ಎಷ್ಟೋ ಮಂದಿ ಗಾಬರಿಯಾದರು.

ಹಾಗೆಂದು ನಿಶ್ಚಿಂತೆಯಿಂದ ಇರುವ ಸ್ಥಿತಿಯೂ ಅಲ್ಲ. ಡಿಸ್ಕ್ ವ್ಯಾಪಾರದ ತವರಾದ ಅಮೆರಿಕದಲ್ಲಿ ಏನಾಯಿತೆಂದು ನೋಡಿ. 1998ರಲ್ಲಿ ಅಂಚೆಯ ಮೂಲಕ ಡಿ.ವಿ.ಡಿ. ಬಾಡಿಗೆಗೆ ಕೊಡುತ್ತ ಸೇವೆ ಆರಂಭಿಸಿದ ನೆಟ್‌ಫ್ಲಿಕ್ಸ್, 2023ರ ಸೆಪ್ಟೆಂಬರ್ 29ರಂದು ಕೊನೆಯ ಕೆಂಪು ಲಕೋಟೆಯನ್ನು ರವಾನಿಸಿ ಆ ವಿಭಾಗವನ್ನು ಮುಚ್ಚಿತು. ಬೆಸ್ಟ್ ಬೈ ಎಂಬ ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಗಳ ಸರಣಿ 2024ರಲ್ಲಿ ಡಿಸ್ಕ್ ಮಾರಾಟದಿಂದಲೇ ಹಿಂದೆ ಸರಿಯಿತು. ಡಿಸ್ನಿ ತನ್ನ ಡಿಸ್ಕ್‌ಗಳ ಹೊಣೆಯನ್ನು ಸೋನಿಗೆ ವಹಿಸಿಕೊಟ್ಟಿತು.

ನಮ್ಮಲ್ಲಿ ಆದದ್ದು ಇನ್ನೂ ಬೇಗ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿ.ಸಿ.ಡಿ., 34 ರೂಪಾಯಿಗೆ ಡಿ.ವಿ.ಡಿ. ಮಾರಲು ತೊಡಗಿದಾಗ ಬಸ್ ನಿಲ್ದಾಣದ ಅಂಗಡಿಗಳಲ್ಲೂ ಸಿನಿಮಾ ತೂಗುಹಾಕಿರುತ್ತಿತ್ತು. ನಿಮ್ಮ ಸಂಗ್ರಹದ ಒಂದು ಪಾಲು ಆ ಕಾಲದ್ದೇ ಇರಬೇಕು. ನಕಲಿ ಸಿ.ಡಿ.ಯ ಹಾವಳಿಗೆ ಅಗ್ಗದ ಅಸಲಿಯೇ ಮದ್ದು ಎಂಬ ಆ ಯೋಚನೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆ ಕಂಪನಿ 2018ರಲ್ಲಿ ದಿವಾಳಿಯಾಗಿ ಮುಚ್ಚಿಹೋಯಿತು. ಬ್ಲೂ-ರೇ ನಮ್ಮ ಮಧ್ಯಮ ವರ್ಗದ ಮನೆಗಳನ್ನು ಸರಿಯಾಗಿ ತಲುಪುವ ಮೊದಲೇ ಅಗ್ಗದ ಮೊಬೈಲ್ ಡೇಟಾ ಬಂದುಬಿಟ್ಟಿತು.

ಆದರೂ ಡಿಸ್ಕ್ ಸಾಯುತ್ತದೆಂದು ನಾನು ನಂಬುವುದಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಹಳೆಯ ಸಿನಿಮಾಗಳನ್ನು ಮೂಲ ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿ, ಗಟ್ಟಿ ಪೆಟ್ಟಿಗೆಯಲ್ಲಿ ಪುಸ್ತಿಕೆಯ ಸಮೇತ ಪ್ರಕಟಿಸುವ ಸಣ್ಣ ಸಂಸ್ಥೆಗಳು ಅಮೆರಿಕ, ಬ್ರಿಟನ್, ಜಪಾನುಗಳಲ್ಲಿ ಬೆಳೆದಿವೆ. ಸಾವಿರಗಳ ಲೆಕ್ಕದ ಕೊಳ್ಳುಗರನ್ನೇ ನೆಚ್ಚಿ ಅವು ಕೆಲಸ ಮಾಡುತ್ತಿವೆ. ಹಾಗಾಗಿ ಅಚ್ಚಾಗುವ ಡಿಸ್ಕ್‌ಗೆ ಕೊರತೆಯಾಗಲಿಕ್ಕಿಲ್ಲ. ನನ್ನ ಆತಂಕವಿರುವುದು ಪ್ಲೇಯರ್ ಬಗ್ಗೆ.

ಒಪ್ಪೋ 2018ರಲ್ಲಿ ಹೊಸ ಪ್ಲೇಯರ್‌ಗಳ ತಯಾರಿಕೆಯಿಂದ ಹಿಂದೆ ಸರಿಯಿತು. ಮರುವರ್ಷ ಸ್ಯಾಮ್‌ಸಂಗ್ ಅಮೆರಿಕದ ಮಾರುಕಟ್ಟೆಗೆ ಹೊಸ ಮಾದರಿಗಳನ್ನು ತರುವುದಿಲ್ಲವೆಂದಿತು. ಎಲ್‌ಜಿಯೂ ಅದೇ ಹಾದಿ ಹಿಡಿಯಿತು. ಹೆಸರಾಂತ ಕಂಪನಿಗಳ ಪೈಕಿ ಉಳಿದಿರುವುದು ಮುಖ್ಯವಾಗಿ ಸೋನಿ ಮತ್ತು ಪ್ಯಾನಾಸೋನಿಕ್. ಇವುಗಳ ಹೊರತಾಗಿ ಡಿಸ್ಕ್ ಓದುವ ಯಂತ್ರ ಮನೆ ಸೇರುತ್ತಿರುವುದು ವಿಡಿಯೊ ಗೇಮ್ ಆಡುವ ಹುಡುಗರ ಮೂಲಕ. ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಡಿಸ್ಕ್ ಡ್ರೈವ್ ಇರುವ ಮಾದರಿಗಳು 4ಕೆ (ತೀರ ಸ್ಪಷ್ಟ ಚಿತ್ರದ) ಬ್ಲೂ-ರೇ ಓದುತ್ತವೆ. ಆದರೆ 2024ರಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊದಲ್ಲಿ ಡಿಸ್ಕ್ ಡ್ರೈವ್ ಇಲ್ಲ, ಬೇಕಾದವರು ಬೇರೆಯಾಗಿ ಕೊಳ್ಳಬೇಕು. ಆ ಆಸರೆಯೂ ಸಡಿಲವಾಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ.

ಗ್ರಾಮಫೋನ್ ತಟ್ಟೆ ಮರಳಿ ಬಂದಂತೆ ಇದೂ ಬರುತ್ತದೆಂದು ಹಲವರು ಧೈರ್ಯ ಹೇಳುತ್ತಾರೆ. ಅಮೆರಿಕದಲ್ಲಿ 2022ರಲ್ಲಿ ವಿನೈಲ್ ತಟ್ಟೆಗಳು ಸಿ.ಡಿ.ಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದದ್ದು ನಿಜ. ಆದರೆ ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ತಟ್ಟೆ ತಿರುಗಿಸಲು ಒಂದು ಮೋಟಾರು, ಒಂದು ಮುಳ್ಳು, ಒಂದು ಆಂಪ್ಲಿಫೈಯರ್ ಸಾಕು, ಸಣ್ಣ ಕಾರ್ಯಾಗಾರವೂ ಅದನ್ನು ತಯಾರಿಸಬಲ್ಲದು. ಬ್ಲೂ-ರೇ ಓದಲು 405 ನ್ಯಾನೊಮೀಟರ್ ತರಂಗದ ನೇರಳೆ ಲೇಸರ್, ಕೂದಲೆಳೆಗಿಂತ ಸೂಕ್ಷ್ಮವಾಗಿ ಹೊಂದಿಕೊಳ್ಳುವ ಲೆನ್ಸ್, ಚಿತ್ರವನ್ನು ಬಿಡಿಸುವ ಚಿಪ್ ಬೇಕು. ಇವೆಲ್ಲ ಇದ್ದರೂ ಡಿಸ್ಕ್‌ನ ಬೀಗ ತೆರೆಯುವ ಕೀಲಿಗಾಗಿ ಪರವಾನಗಿ ಪಡೆಯಬೇಕು. ದೊಡ್ಡ ಕಾರ್ಖಾನೆಗಳು ಕೈಬಿಟ್ಟರೆ ಇದನ್ನು ಹವ್ಯಾಸಿಗಳು ಎತ್ತಿ ನಿಲ್ಲಿಸುವುದು ಸುಲಭವಲ್ಲ. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಕೊಳ್ಳಿ, ಮತ್ತು ಈಗಲೇ ಕೊಳ್ಳಿ. ಸಾಮಾನ್ಯ ಬ್ಲೂ-ರೇ ಪ್ಲೇಯರ್ ನಿಮ್ಮ ಡಿ.ವಿ.ಡಿ.ಗಳನ್ನೂ ಓದುತ್ತದೆ. ವಿ.ಸಿ.ಡಿ.ಯನ್ನು ಎಲ್ಲ ಮಾದರಿಗಳೂ ಓದುವುದಿಲ್ಲ, ಅಂಗಡಿಗೆ ಹೋಗುವಾಗ ಒಂದನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಹಾಕಿ ನೋಡಿ. ಅಮೆರಿಕದಲ್ಲಿರುವ ನಿಮ್ಮ ಮಗಳು ಅಲ್ಲಿಂದ ಡಿಸ್ಕ್ ಕಳಿಸುವುದಾಗಿ ಹೇಳಿದ್ದನ್ನು ಬರೆದಿದ್ದೀರಿ. ಡಿಸ್ಕ್ ಕಂಪನಿಗಳು ಜಗತ್ತನ್ನು ಮಾರಾಟದ ವಲಯಗಳಾಗಿ ಹಂಚಿಕೊಂಡಿವೆ: ಭಾರತ ಡಿ.ವಿ.ಡಿ.ಯಲ್ಲಿ 5ನೇ ವಲಯ, ಬ್ಲೂ-ರೇಯಲ್ಲಿ ‘ಸಿ’ ವಲಯ. ಅಮೆರಿಕದ್ದು 1 ಮತ್ತು ‘ಎ’. ವಲಯದ ಬೀಗವಿರುವ ಡಿಸ್ಕ್ ಇಲ್ಲಿಯ ಪ್ಲೇಯರ್‌ನಲ್ಲಿ ಓಡುವುದಿಲ್ಲ. 4ಕೆ ಡಿಸ್ಕ್‌ಗಳಿಗೆ ಈ ಕಾಟವಿಲ್ಲ, ಆದರೆ ಅವಕ್ಕೆ 4ಕೆ ಪ್ಲೇಯರ್ ಬೇಕು.

ನಿಮ್ಮ ಮಗನ ಮಾತಿಗೂ ಉತ್ತರ ಹೇಳಬೇಕು. ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ ಎಂಬುದು ಇವತ್ತಿನ ಮಟ್ಟಿಗೂ ಪೂರ್ತಿ ನಿಜವಲ್ಲ, ನಾಳೆಯ ಮಟ್ಟಿಗಂತೂ ಯಾರೂ ಭರವಸೆ ಕೊಟ್ಟಿಲ್ಲ. 2023ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ ಗ್ರಾಹಕರಿಗೆ ಒಂದು ಸೂಚನೆ ಬಂತು: ನೀವು ಹಣ ಕೊಟ್ಟು ಕೊಂಡಿರುವ ಡಿಸ್ಕವರಿ ವಾಹಿನಿಯ ಕಾರ್ಯಕ್ರಮಗಳನ್ನು ನಿಮ್ಮ ಖಾತೆಯಿಂದ ತೆಗೆಯಲಾಗುತ್ತದೆ. ಜನ ಸಿಡಿದೆದ್ದ ಮೇಲೆ ಆ ನಿರ್ಧಾರ ಸದ್ಯಕ್ಕೆ ಹಿಂದೆ ಸರಿಯಿತು. ಕ್ಯಾಲಿಫೋರ್ನಿಯಾ ರಾಜ್ಯ ಇಂಥದ್ದಕ್ಕೆಂದೇ ಕಾನೂನು ಮಾಡಿತು. ಡಿಜಿಟಲ್ ಅಂಗಡಿಗಳು ‘ಕೊಳ್ಳಿ’ ಎಂಬ ಗುಂಡಿ ಇಡುವುದಾದರೆ, ಗ್ರಾಹಕನಿಗೆ ಸಿಗುತ್ತಿರುವುದು ಪರವಾನಗಿ ಮಾತ್ರ ಎಂಬುದನ್ನು ಬಿಡಿಸಿ ಹೇಳಬೇಕು. ಇದು 2025ರ ಜನವರಿ 1ರಿಂದ ಜಾರಿಯಲ್ಲಿದೆ.

ಗುಣಮಟ್ಟದ ಮಾತೂ ಇದೆ. 4ಕೆ ಚಿತ್ರ ನೋಡಲು ಸೆಕೆಂಡಿಗೆ 15 ಮೆಗಾಬಿಟ್ ವೇಗದ ಸಂಪರ್ಕ ಸಾಕೆಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. 4ಕೆ ಡಿಸ್ಕ್‌ನಿಂದ ಸೆಕೆಂಡಿಗೆ ನೂರು ಮೆಗಾಬಿಟ್ ದಾಟಿಯೂ ಮಾಹಿತಿ ಹರಿಯಬಲ್ಲದು. ಮಳೆ, ಹೊಗೆ, ಲಾಂದ್ರದ ಬೆಳಕಿನ ಕತ್ತಲೆ ಕೋಣೆ, ಇಂಥ ದೃಶ್ಯಗಳಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಸ್ಟ್ರೀಮಿಂಗ್‌ನಲ್ಲಿ ಕಪ್ಪು ಬಣ್ಣ ಚೌಕಚೌಕವಾಗಿ ಒಡೆಯುವಲ್ಲಿ ಡಿಸ್ಕ್‌ನಲ್ಲಿ ಕತ್ತಲೆ ಕತ್ತಲೆಯಾಗಿಯೇ ಇರುತ್ತದೆ.

ಇನ್ನು ನನಗೆ ನಿಜಕ್ಕೂ ಸಂಕಟವಾಗುವ ವಿಷಯ. ಕನ್ನಡ ಸಿನಿಮಾದ ದೊಡ್ಡ ಪಾಲು ಮನೆಗೆ ಬಂದದ್ದು ವಿ.ಸಿ.ಡಿ.ಯಲ್ಲಿ. ಅದರ ಚಿತ್ರ 352 ಗುಣಿಸು 288 ಚುಕ್ಕಿಗಳಷ್ಟು, ಡಿ.ವಿ.ಡಿ.ಯ ಕಾಲು ಭಾಗ. ಸಿನಿಮಾ ಎರಡು ಮೂರು ತಟ್ಟೆಗಳಿಗೆ ಹರಿದು ಹಂಚಿಹೋಗಿರುತ್ತಿತ್ತು, ಹಾಡಿನ ಪಲ್ಲವಿ ಒಂದರಲ್ಲಿ, ಚರಣ ಇನ್ನೊಂದರಲ್ಲಿ. ಇಂದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಎಷ್ಟೋ ಹಳೆಯ ಚಿತ್ರಗಳು ಇಂಥದೇ ಮಂಕು ಪ್ರತಿಗಳು, ಮೇಲೊಂದು ವಾಹಿನಿಯ ಮುದ್ರೆ ಬೇರೆ. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಬೆಂದಿದ್ದರೂ, ಉಳಿದದ್ದನ್ನು ಇಟಲಿಯ ಬೊಲೊನ್ಯದ ತಜ್ಞರು ಕೈಯಿಂದ ದುರಸ್ತಿ ಮಾಡಿದರು. ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2015ರಲ್ಲಿ ಅದನ್ನು ಬ್ಲೂ-ರೇಯಲ್ಲಿ ತಂದಿತು. ಅಲ್ಲಿರುವ ಒಬ್ಬ ಬಂಗಾಳಿ ಹುಡುಗಿ ಇವತ್ತು ಅದನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳಬಹುದು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಕೂಡ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್‌ಗಳ ಪ್ರಯತ್ನದಿಂದ ಪುನರುಜ್ಜೀವನಗೊಂಡು 2024ರ ವೆನಿಸ್ ಉತ್ಸವದಲ್ಲಿ ಪ್ರದರ್ಶನ ಕಂಡಿತು. ಅಷ್ಟು ಶ್ರಮದಿಂದ ಉಳಿದ ಇಂಥ ಚಿತ್ರಗಳು ಉತ್ಸವದ ಪರದೆಗಷ್ಟೇ ಮೀಸಲಾಗಬಾರದು. ಕನ್ನಡ ಉಪಶೀರ್ಷಿಕೆ, ಛಾಯಾಗ್ರಾಹಕರ ಮಾತು, ಒಂದು ಒಳ್ಳೆಯ ಪುಸ್ತಿಕೆ ಸೇರಿ ಡಿಸ್ಕ್ ಆಗಿ ಬಂದರೆ ಗ್ರಂಥಾಲಯಗಳು ಕೊಳ್ಳುತ್ತವೆ, ಕಾಲೇಜುಗಳು ಕೊಳ್ಳುತ್ತವೆ, ನಾನಂತೂ ಮೊದಲ ದಿನವೇ ಕೊಳ್ಳುತ್ತೇನೆ. ಚಲನಚಿತ್ರ ಅಕಾಡೆಮಿಯೂ ನಿರ್ಮಾಪಕರೂ ಇದನ್ನು ಲಾಭನಷ್ಟದ ಲೆಕ್ಕದಾಚೆ ಯೋಚಿಸಬೇಕೆಂದು ಇಲ್ಲಿಂದಲೇ ಕೇಳಿಕೊಳ್ಳುತ್ತೇನೆ.

ಈಗ ನಿಮ್ಮ ಕಪಾಟಿಗೆ ಬರೋಣ. ಎಲ್ಲಕ್ಕಿಂತ ಮೊದಲು ಮಗನ ಮದುವೆಯ ಡಿ.ವಿ.ಡಿ. ಹೊರಗೆ ತೆಗೆಯಿರಿ. ಸ್ಟುಡಿಯೊದವರು ಬರೆದುಕೊಟ್ಟ ಡಿಸ್ಕ್‌ಗೂ ಕಾರ್ಖಾನೆಯಲ್ಲಿ ಅಚ್ಚಾದದ್ದಕ್ಕೂ ಬಹಳ ವ್ಯತ್ಯಾಸವಿದೆ. ಅಚ್ಚಿನ ಡಿಸ್ಕ್‌ನಲ್ಲಿ ಮಾಹಿತಿ ಗುಳಿಗಳಾಗಿ ಒತ್ತಿರುತ್ತದೆ, ಬರೆದುಕೊಟ್ಟದ್ದರಲ್ಲಿ ಅದು ಒಂದು ಬಣ್ಣದ ಪದರದ ಮೇಲಿನ ಕಲೆಯಷ್ಟೇ. ಮಲೆನಾಡಿನ ತೇವ, ಕಿಟಕಿಯ ಬಿಸಿಲು ಎರಡೂ ಅದಕ್ಕೆ ವೈರಿಗಳು. ಇವತ್ತೇ ಕಂಪ್ಯೂಟರಿಗೆ ಇಳಿಸಿ ಎರಡು ಬೇರೆಬೇರೆ ಕಡೆ ಇಟ್ಟುಕೊಳ್ಳಿ.

ಆಮೇಲೆ ವಿ.ಸಿ.ಡಿ.ಗಳನ್ನು ಒಂದೊಂದಾಗಿ ಬಲ್ಬಿನ ಎದುರು ಹಿಡಿದು ನೋಡಿ. ಸೂಜಿ ಚುಚ್ಚಿದಂತೆ ಬೆಳಕು ತೂರಿ ಬಂದರೆ ಅಲ್ಲಿ ಲೋಹದ ಪದರ ಹೋಗಿದೆ ಎಂದರ್ಥ. ವಿ.ಸಿ.ಡಿ.ಯಲ್ಲಿ ಆ ಪದರವಿರುವುದು ಚಿತ್ರ ಅಂಟಿಸಿದ ಮೇಲ್ಮೈಯ ತೀರ ಕೆಳಗೆ. ಹಾಗಾಗಿ ಹೊಳೆಯುವ ಬದಿಯ ಗೀರಿಗಿಂತ ಲೇಬಲ್ ಬದಿಯ ಗೀರು ಹೆಚ್ಚು ಅಪಾಯ, ಅದರ ಮೇಲೆ ಬಾಲ್‌ಪೆನ್ನಿನಿಂದ ಏನನ್ನೂ ಬರೆಯಬೇಡಿ. ಡಿ.ವಿ.ಡಿ.ಯಲ್ಲಿ ಪದರ ಎರಡು ಹಾಳೆಗಳ ನಡುವೆ ಭದ್ರವಾಗಿರುತ್ತದೆ, ಆದರೆ ಅಂಟು ಕೆಟ್ಟರೆ ಅದೂ ಹಾಳಾಗುತ್ತದೆ. 2006ರಿಂದ 2008ರ ನಡುವೆ ತಯಾರಾದ ತನ್ನ ಕೆಲವು ಡಿ.ವಿ.ಡಿ.ಗಳು ಹಾಳಾಗಿರುವುದನ್ನು ವಾರ್ನರ್ ಬ್ರದರ್ಸ್ 2025ರಲ್ಲಿ ಒಪ್ಪಿಕೊಂಡು ಬದಲಿ ಕೊಡಲು ಮುಂದಾಯಿತು. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸಿ ಉಜ್ಜಬೇಡಿ. ಪೆಟ್ಟಿಗೆಗಳನ್ನು ಮಲಗಿಸದೆ ಪುಸ್ತಕದಂತೆ ನಿಲ್ಲಿಸಿಡಿ.

ಗುಜರಿಗೆ ಒಂದನ್ನೂ ಕೊಡಬೇಡಿ, ಕನ್ನಡದ್ದನ್ನಂತೂ ಕೊಡಲೇಬೇಡಿ. ಬಿಡುವಾದಾಗ ನಿಮ್ಮಲ್ಲಿರುವ ಕನ್ನಡ ಚಿತ್ರಗಳ ಹೆಸರು, ವರ್ಷ, ಹೊರತಂದ ಕಂಪನಿ ಇಷ್ಟನ್ನು ಪಟ್ಟಿ ಮಾಡಿ ನಮಗೆ ಕಳಿಸಿ. ಇದೇ ಕೋರಿಕೆಯನ್ನು ಉಳಿದ ಓದುಗರ ಮುಂದೆಯೂ ಇಡುತ್ತೇನೆ. ಬೇರೆಲ್ಲೂ ಸಿಗದ ಚಿತ್ರಗಳು ಯಾರ ಮನೆಯಲ್ಲಾದರೂ ಇದ್ದರೆ, ಆ ಪಟ್ಟಿಯನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ನಮ್ಮ ಕಚೇರಿಯಿಂದಲೇ ಬರೆದು ತಿಳಿಸುತ್ತೇವೆ.

– ಸಂಪಾದಕ